ಕತ್ತರಿ ಹಿಡಿಯದ ಡಾಕ್ಟರು

1988ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ರಾಯಲ್ ಇನ್‌ಫರ್ಮರಿಗೆ ಅರಿವಳಿಕೆ ತಜ್ಞರಾಗಿ ಸ್ಟೀಫನ್ ಬೋಲ್ಸಿನ್ ಬಂದರು. ಅಲ್ಲಿ ಮಕ್ಕಳ ಹೃದಯದ ಆಪರೇಷನ್ ವಿಪರೀತ ಹೊತ್ತು ಹಿಡಿಯುತ್ತಿತ್ತು, ಸಾಯೋ ಮಕ್ಕಳೂ ಜಾಸ್ತಿ. 1990ರಲ್ಲೇ ಆಸ್ಪತ್ರೆಯ ಮುಖ್ಯಸ್ಥ ಜಾನ್ ರಾಯ್ಲನ್ಸ್‌ಗೆ ಪತ್ರ ಬರೆದರು. ಪ್ರಯೋಜನವಾಗಲಿಲ್ಲ. ಆಮೇಲೆ ಕೂತು ಸಾವುಗಳ ಲೆಕ್ಕ ತೆಗೆದರು. ನಮ್ಮ ಆಫೀಸಲ್ಲೂ ಅಷ್ಟೇ ಅಲ್ವಾ, ಬಗ್ ಇದೆ ಅಂದ್ರೆ ಯಾರೂ ನಂಬಲ್ಲ, ಲಾಗ್ ತೋರಿಸಬೇಕು. ಇಲ್ಲಿ ಲಾಗ್ ತೋರಿಸಿದರೂ ಆಪರೇಷನ್ ನಿಲ್ಲಲಿಲ್ಲ.

1995ರ ಜನವರಿಯಲ್ಲಿ 18 ತಿಂಗಳ ಮಗುವೊಂದರ ಸರದಿ. ಹಿಂದಿನ ಸಂಜೆ ವೈದ್ಯರೆಲ್ಲ ಸೇರಿದ್ದರು. ಬೇಡ ಅಂದವರು ಬೋಲ್ಸಿನ್. ಮಾರನೇ ದಿನ ಮಗು ಟೇಬಲ್ ಮೇಲೇ ತೀರಿಕೊಂಡಿತು.

1998ರಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್ 53 ಆಪರೇಷನ್‌ಗಳ ವಿಚಾರಣೆ ಮುಗಿಸಿತು. ಅದರಲ್ಲಿ 29 ಮಕ್ಕಳು ಸತ್ತಿದ್ದರು. ಸರ್ಜನ್ ಜೇಮ್ಸ್ ವೈಶಾರ್ಟ್ ಹೆಸರು ವೈದ್ಯರ ಪಟ್ಟಿಯಿಂದ ಹೋಯಿತು. ಜನಾರ್ದನ ಧಸ್ಮಾನಾ 3 ವರ್ಷ ಮಕ್ಕಳ ಆಪರೇಷನ್ ಮಾಡೋ ಹಾಗಿಲ್ಲ ಅಂತಾಯ್ತು.

ನನ್ನನ್ನು ಕಾಡೋದು ಮಾತ್ರ ರಾಯ್ಲನ್ಸ್. ಅವರು ಕತ್ತರಿ ಮುಟ್ಟಿದವರೇ ಅಲ್ಲ, ಆಡಳಿತ ನೋಡ್ತಿದ್ದವರು. ಆದರೆ ಓದಿದ್ದು ಡಾಕ್ಟರಿಕೆ. ಗೊತ್ತಿದ್ದೂ ತಡೆಯಲಿಲ್ಲ ಅಂತ ಅವರ ಹೆಸರೂ ಪಟ್ಟಿಯಿಂದ ಹೋಯಿತು. ಪ್ರಿವಿ ಕೌನ್ಸಿಲ್‌ಗೆ ಮೇಲ್ಮನವಿ ಹೋದರು. 1999ರಲ್ಲಿ ಅದೂ ವಜಾ. ನನಗದು ಸರಿ ಅನ್ಸುತ್ತೆ.

ಬೋಲ್ಸಿನ್ ಅಷ್ಟರಲ್ಲಿ ಆಸ್ಟ್ರೇಲಿಯಾ ಸೇರಿ ಆಗಿತ್ತು.