ಸೂಪರ್‌ಹೀರೋ ಲೋಕದ ಲೆಕ್ಕಾಚಾರ: ಹತ್ತಾರು ಸಿನಿಮಾಗಳನ್ನು ಒಂದೇ ಕಥೆಯಲ್ಲಿ ಹೆಣೆಯುವುದು ಹೇಗೆ?

ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಆಂಧ್ರದ ಹಿಂದೂಪುರದ ಶಾಸಕ, ನಟ ನಂದಮೂರಿ ಬಾಲಕೃಷ್ಣ. ಅವರ ಮಗ ಮೋಕ್ಷಜ್ಞ ಅವರ ಮೊದಲ ಸಿನಿಮಾ 2024ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾಯಿತು. ನಿರ್ದೇಶಕ ಪ್ರಶಾಂತ್ ವರ್ಮಾ. ಮರು ತಿಂಗಳೇ ಅದೇ ನಿರ್ದೇಶಕರ 'ಜೈ ಹನುಮಾನ್' ಪೋಸ್ಟರ್ ಬಂತು. ಅದರಲ್ಲಿದ್ದವರು ನಮ್ಮ ಕುಂದಾಪುರ ಕಡೆಯ ಕೆರಾಡಿಯ ರಿಷಬ್ ಶೆಟ್ಟಿ.

ಈ ಎರಡೂ ಸಿನಿಮಾಗಳು 'ಪ್ರಶಾಂತ್ ವರ್ಮಾ ಸಿನಿಮ್ಯಾಟಿಕ್ ಯೂನಿವರ್ಸ್' ಎಂಬ ಒಂದೇ ಸರಪಳಿಯ ಕೊಂಡಿಗಳು ಎಂದು ಹೇಳಲಾಗಿತ್ತು. ಆದರೆ ಡಿಸೆಂಬರ್‌ನಲ್ಲಿ ನಡೆಯಬೇಕಿದ್ದ ಮೋಕ್ಷಜ್ಞ ಚಿತ್ರದ ಮುಹೂರ್ತ ಮುಂದಕ್ಕೆ ಹೋಯಿತು. ಹಿಂದೂಪುರ, ಕಲ್ಯಾಣದುರ್ಗ ಕಡೆಯ ಅಭಿಮಾನಿಗಳಿಗೆ ಸಿಕ್ಕಿದ್ದು ಕಾಯುವ ಕೆಲಸ. ಯೂನಿವರ್ಸ್ ಘೋಷಿಸುವುದು ಸುಲಭ, ನಡೆಸುವುದು ಕಷ್ಟ. ಹಾಗಾದರೆ ಸ್ಟುಡಿಯೋಗಳು ಇದನ್ನು ನಡೆಸುವುದಾದರೂ ಹೇಗೆ?

ಸೀಕ್ವೆಲ್ ಬೇರೆ, ಯೂನಿವರ್ಸ್ ಬೇರೆ

'ಕೆಜಿಎಫ್' ಮೊದಲ ಭಾಗ 2018ರಲ್ಲಿ ಬಂತು, ಎರಡನೆಯದು 2022ರಲ್ಲಿ. ಒಬ್ಬನೇ ನಾಯಕನ ಕಥೆ ಮುಂದುವರಿಯಿತು. ಇದು ಸೀಕ್ವೆಲ್. ಯೂನಿವರ್ಸ್‌ನಲ್ಲಿ ಒಬ್ಬೊಬ್ಬ ನಾಯಕನಿಗೆ ಒಂದೊಂದು ಸಿನಿಮಾ. ಆದರೆ ಎಲ್ಲರೂ ಇರುವುದು ಒಂದೇ ಲೋಕದಲ್ಲಿ. ಒಬ್ಬನ ಕಥೆಯಲ್ಲಿ ನಡೆದದ್ದು ಇನ್ನೊಬ್ಬನ ಕಥೆಗೆ ತಟ್ಟುತ್ತದೆ. ಕೊನೆಗೆ ಎಲ್ಲರೂ ಒಂದೇ ಸಿನಿಮಾದಲ್ಲಿ ಸೇರುತ್ತಾರೆ.

'ಕೆಜಿಎಫ್' ಮತ್ತು 'ಸಲಾರ್' ಕೂಡ ಹೀಗೆ ಸೇರುತ್ತವೆ ಅಂತ ಅಭಿಮಾನಿಗಳು ಲೆಕ್ಕ ಹಾಕಿದ್ದರು. ಹಾಗೇನೂ ಇಲ್ಲ ಎಂದು ನಿರ್ದೇಶಕ ಪ್ರಶಾಂತ್ ನೀಲ್ ಸ್ಪಷ್ಟಪಡಿಸಿದರು. ನಿರ್ಮಾಣ ಸಂಸ್ಥೆ, ನಿರ್ದೇಶಕ ಒಬ್ಬರೇ ಆದ ಮಾತ್ರಕ್ಕೆ ಯೂನಿವರ್ಸ್ ಆಗುವುದಿಲ್ಲ.

ಮೊದಲ ಪ್ರಶ್ನೆ: ಪಾತ್ರ ಯಾರ ಕೈಯಲ್ಲಿದೆ?

ಈ ವ್ಯವಹಾರದ ಬುಡದಲ್ಲಿರುವುದು ಹಕ್ಕು. ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಕಂಪೆನಿ 1996ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಕಷ್ಟದ ಆ ಕಾಲದಲ್ಲಿ ಅದರ ಪ್ರಮುಖ ಪಾತ್ರಗಳ ಸಿನಿಮಾ ಹಕ್ಕುಗಳು ಬೇರೆ ಬೇರೆ ಸ್ಟುಡಿಯೋಗಳ ಪಾಲಾದವು. ಸ್ಪೈಡರ್‌ಮ್ಯಾನ್ ಸೋನಿಗೆ, ಎಕ್ಸ್‌ಮೆನ್ ಫಾಕ್ಸ್‌ಗೆ.

2005ರಲ್ಲಿ ಮಾರ್ವೆಲ್ ಒಂದು ಧೈರ್ಯ ಮಾಡಿತು. ಕೈಯಲ್ಲಿ ಉಳಿದಿದ್ದ ಹತ್ತು ಹೆಸರುಗಳ ಸಿನಿಮಾ ಹಕ್ಕನ್ನು ಅಡವಿಟ್ಟು, ಸ್ವಂತ ಸಿನಿಮಾ ಮಾಡಲು 52.5 ಕೋಟಿ ಡಾಲರ್ ಸಾಲದ ಏರ್ಪಾಡು ಮಾಡಿಕೊಂಡಿತು. ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್ ಎಲ್ಲ ಆ ಪಟ್ಟಿಯಲ್ಲಿದ್ದವರೇ. ಮನೆಯ ಚಿನ್ನ ಅಡವಿಟ್ಟು ಅಂಗಡಿ ಹಾಕಿದ ಹಾಗೆ. ಸೋತಿದ್ದರೆ ಪಾತ್ರಗಳೂ ಹೋಗುತ್ತಿದ್ದವು. 2008ರ 'ಐರನ್ ಮ್ಯಾನ್' ಗೆದ್ದಿತು. ಮರು ವರ್ಷವೇ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಇಡೀ ಮಾರ್ವೆಲನ್ನು ಕೊಂಡಿತು.

ಹಾಗಿದ್ದರೂ ಸ್ಪೈಡರ್‌ಮ್ಯಾನ್ ಸೋನಿ ಕೈಯಲ್ಲೇ ಉಳಿದ. 2015ರಲ್ಲಿ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡ ಮೇಲಷ್ಟೇ ಅವನು ಮಾರ್ವೆಲ್ ಲೋಕಕ್ಕೆ ಬಂದದ್ದು. 2019ರ ಆಗಸ್ಟ್‌ನಲ್ಲಿ ಆ ಒಪ್ಪಂದವೂ ಮುರಿದುಬಿತ್ತು. ಮರು ತಿಂಗಳು ಮತ್ತೆ ರಾಜಿಯಾಯಿತು. ಪರದೆಯ ಮೇಲೆ ಯಾರನ್ನೂ ಸೋಲಿಸಬಲ್ಲ ನಾಯಕ, ಎರಡು ಕಂಪೆನಿಗಳ ವಕೀಲರು ಒಪ್ಪದಿದ್ದರೆ ಪರದೆಗೇ ಬರುವಂತಿಲ್ಲ.

ನಮ್ಮಲ್ಲೂ ಈ ತೊಡಕು ಇದೆ. ತಮಿಳಿನ ಲೋಕೇಶ್ ಕನಕರಾಜ್ ಅವರ 'ಕೈದಿ', 'ವಿಕ್ರಮ್', 'ಲಿಯೋ' ಒಂದೇ ಲೋಕದ ಕಥೆಗಳು, ಆದರೆ ನಿರ್ಮಾಪಕರು ಮೂರೂ ಬೇರೆ. ತೆಲುಗಿನ 'ಹನುಮಾನ್' ನಿರ್ಮಿಸಿದ್ದು ಪ್ರೈಮ್‌ಶೋ ಎಂಟರ್‌ಟೈನ್‌ಮೆಂಟ್. ಮುಂದಿನ 'ಜೈ ಹನುಮಾನ್' ಇರುವುದು ಮೈತ್ರಿ ಮೂವಿ ಮೇಕರ್ಸ್ ಕೈಯಲ್ಲಿ. ಹಾಲಿವುಡ್‌ನಲ್ಲಿ ಲೋಕ ಸ್ಟುಡಿಯೋದ್ದು, ನಿರ್ದೇಶಕ ಬಂದು ಹೋಗುವವ. ದಕ್ಷಿಣದಲ್ಲಿ ಹೆಚ್ಚಾಗಿ ಲೋಕ ನಿರ್ದೇಶಕನ ತಲೆಯಲ್ಲಿ, ದುಡ್ಡು ಬೇರೆ ಬೇರೆಯವರದ್ದು. ಹೀಗಾಗಿ ಪ್ರತಿ ಹೆಜ್ಜೆಗೂ ಒಪ್ಪಿಗೆ ಬೇಕು.

ಎರಡನೆಯದು: ತಾಳ್ಮೆ ಮತ್ತು ನೆನಪು

2012ರ 'ಅವೆಂಜರ್ಸ್' ಬರುವ ಮೊದಲು ಮಾರ್ವೆಲ್ ಐದು ಸಿನಿಮಾ ಮಾಡಿತ್ತು. ಐರನ್ ಮ್ಯಾನ್, ಹಲ್ಕ್, ಥಾರ್, ಕ್ಯಾಪ್ಟನ್ ಅಮೆರಿಕ ಒಬ್ಬೊಬ್ಬರನ್ನೂ ಪ್ರೇಕ್ಷಕನಿಗೆ ಪರಿಚಯ ಮಾಡಿಕೊಟ್ಟು ಆಮೇಲೆ ಒಟ್ಟು ಸೇರಿಸಿತು. ಇದಕ್ಕಾಗಿ ನಟರ ಜತೆ ಮೊದಲೇ ಹಲವು ಸಿನಿಮಾಗಳ ಕರಾರು ಮಾಡಿಕೊಳ್ಳಲಾಯಿತು. ನಿಕ್ ಫ್ಯೂರಿ ಪಾತ್ರದ ಸ್ಯಾಮ್ಯುಯೆಲ್ ಜಾಕ್ಸನ್ ಒಪ್ಪಿಕೊಂಡದ್ದು ಒಂಬತ್ತು ಸಿನಿಮಾಗಳಿಗೆ.

ಯಾವ ಪಾತ್ರ ಯಾವಾಗ ಎಲ್ಲಿತ್ತು, ಯಾರಿಗೆ ಏನು ಗೊತ್ತು, ಯಾರು ಸತ್ತರು ಎಂಬುದನ್ನೆಲ್ಲ ನೆನಪಿಟ್ಟು ಎಲ್ಲ ನಿರ್ದೇಶಕರನ್ನೂ ಒಂದೇ ದಾರಿಯಲ್ಲಿ ನಡೆಸಲು ಒಬ್ಬರು ಬೇಕು. ಮಾರ್ವೆಲ್‌ನಲ್ಲಿ 2007ರಿಂದ ಸ್ಟುಡಿಯೋ ಮುಖ್ಯಸ್ಥರಾಗಿರುವ ಕೆವಿನ್ ಫೈಗಿ ಆ ಕೆಲಸ ಮಾಡಿದರು. 2019ರ 'ಅವೆಂಜರ್ಸ್: ಎಂಡ್‌ಗೇಮ್' ಸುಮಾರು 280 ಕೋಟಿ ಡಾಲರ್ ಗಳಿಸಿದ್ದು ಹನ್ನೊಂದು ವರ್ಷಗಳ ಆ ಶ್ರಮದ ಫಲ.

ಅವಸರ ಮಾಡಿದರೆ?

ಎದುರಾಳಿ ಡಿಸಿ ಕಡೆಯವರು ಗಡಿಬಿಡಿ ಮಾಡಿದರು. 2017ರ 'ಜಸ್ಟಿಸ್ ಲೀಗ್' ಬರುವಾಗ ಆಕ್ವಾಮ್ಯಾನ್, ಫ್ಲ್ಯಾಶ್, ಸೈಬೋರ್ಗ್‌ಗೆ ಸ್ವಂತ ಸಿನಿಮಾವೇ ಆಗಿರಲಿಲ್ಲ. ನಡುವಿನಲ್ಲಿ ನಿರ್ದೇಶಕರೂ ಬದಲಾದರು. 2022ರಲ್ಲಿ ಚಿತ್ರೀಕರಣ ಮುಗಿದಿದ್ದ 'ಬ್ಯಾಟ್‌ಗರ್ಲ್' ಚಿತ್ರವನ್ನೇ ಬಿಡುಗಡೆ ಮಾಡದೆ ಮೂಲೆಗೆ ಹಾಕಿದರು. ಕೊನೆಗೆ ಜೇಮ್ಸ್ ಗನ್ ಮತ್ತು ಪೀಟರ್ ಸಫ್ರಾನ್ ಕೈಗೆ ಹೊಣೆ ಕೊಟ್ಟು, 2025ರ 'ಸೂಪರ್‌ಮ್ಯಾನ್' ಮೂಲಕ ಹೊಸದಾಗಿ ಶುರು ಮಾಡಿದರು.

ಗೆದ್ದ ಮಾರ್ವೆಲ್ ಕೂಡ ಎಡವಿತು. 2021ರಿಂದ ಸಿನಿಮಾಗಳ ಜತೆ ಒಟಿಟಿ ಸರಣಿಗಳೂ ಸಾಲಾಗಿ ಬಂದವು. ಅವುಗಳಲ್ಲಿ 2022ರ 'ಮಿಸ್ ಮಾರ್ವೆಲ್' ಒಳ್ಳೆಯ ಪ್ರಯತ್ನ. ಅದರ ನಾಯಕಿ ಕಮಲಾ ಖಾನ್ ಪಾಕಿಸ್ತಾನ ಮೂಲದ ಮುಸ್ಲಿಂ ಕುಟುಂಬದ ಹುಡುಗಿ. ಆದರೆ ಅವಳು ದೊಡ್ಡ ಪರದೆಗೆ ಬಂದ 2023ರ 'ದ ಮಾರ್ವೆಲ್ಸ್' ಪೂರ್ತಿ ಅರ್ಥವಾಗಬೇಕಾದರೆ ಹಿಂದಿನ ಸಿನಿಮಾದ ಜತೆ ಎರಡು ಸರಣಿಗಳನ್ನೂ ನೋಡಿರಬೇಕಿತ್ತು. ಸುಮಾರು 20 ಕೋಟಿ ಡಾಲರ್‌ಗೆ ನಿಂತ ಅದರ ಗಳಿಕೆ, ಅಷ್ಟರವರೆಗಿನ ಮಾರ್ವೆಲ್ ಸರಣಿಯಲ್ಲೇ ಅತಿ ಕಡಿಮೆ. ಟಿಕೆಟ್ ತೆಗೆದುಕೊಂಡವನಿಗೆ ಹೋಂವರ್ಕ್ ಕೊಟ್ಟರೆ ಅವನು ಮನೆಯಲ್ಲೇ ಕೂರುತ್ತಾನೆ. ಆಮೇಲೆ ಡಿಸ್ನಿ ಸಿನಿಮಾ, ಸರಣಿಗಳ ಸಂಖ್ಯೆಯನ್ನೇ ಕಡಿಮೆ ಮಾಡಿತು.

ನೆರೆಯ ಕೇರಳ, ನಮ್ಮ ಬೆಂಗಳೂರು

2025ರ ಆಗಸ್ಟ್ 28ರಂದು ಬಂದ ಮಲಯಾಳಂನ 'ಲೋಕಃ ಚಾಪ್ಟರ್ 1: ಚಂದ್ರ' ಈ ಪಾಠಗಳನ್ನು ಕಲಿತ ಹಾಗಿತ್ತು. ನಿರ್ದೇಶಕ ಡೊಮಿನಿಕ್ ಅರುಣ್, ನಿರ್ಮಾಣ ದುಲ್ಖರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್. ಕೇರಳದ ಕಳ್ಳಿಯಂಕಾಟ್ಟು ನೀಲಿಯ ಜನಪದ ಕಥೆಯನ್ನು ಇಂದಿನ ಬೆಂಗಳೂರಿಗೆ ತಂದರು. ಕಲ್ಯಾಣಿ ಪ್ರಿಯದರ್ಶನ್ ಸೂಪರ್‌ಹೀರೋ. ಟೊವಿನೊ, ದುಲ್ಖರ್ ಪಾತ್ರಗಳು ಹೀಗೆ ಬಂದು ಹಾಗೆ ಹೋಗುತ್ತವೆ. ಅವರು ಯಾರೆಂದು ಗೊತ್ತಿಲ್ಲದಿದ್ದರೂ ಕಥೆ ಅರ್ಥವಾಗುತ್ತದೆ. ಸುಮಾರು 30 ಕೋಟಿ ರೂ. ಬಜೆಟ್‌ನ ಚಿತ್ರ ವಿಶ್ವದಾದ್ಯಂತ 300 ಕೋಟಿಯ ಆಸುಪಾಸು ಗಳಿಸಿತು.

ಒಂದು ಎಡವಟ್ಟೂ ಆಯಿತು. ಬೆಂಗಳೂರಿನ ಹುಡುಗಿಯರ ಬಗ್ಗೆ ಇದ್ದ ಒಂದು ಸಂಭಾಷಣೆಗೆ ಕರ್ನಾಟಕದಲ್ಲಿ ಆಕ್ಷೇಪ ಬಂದಾಗ, ವೇಫೇರರ್ ಕ್ಷಮೆ ಕೇಳಿ ಅದನ್ನು ತೆಗೆಯುವ ಅಥವಾ ತಿದ್ದುವ ಭರವಸೆ ಕೊಟ್ಟಿತು. ಐದು ಭಾಗಗಳ ಯೋಜನೆ ಇಟ್ಟುಕೊಂಡವರು ಮೊದಲ ಭಾಗದಲ್ಲೇ ಪ್ರೇಕ್ಷಕರನ್ನು ಕಳೆದುಕೊಳ್ಳುವಂತಿಲ್ಲ.

ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಇನ್ನೂ ದೊಡ್ಡ ಕ್ಯಾಲೆಂಡರ್ ಹಾಕಿದೆ. ಕ್ಲೀಂ ಪ್ರೊಡಕ್ಷನ್ಸ್ ಜತೆ ಸೇರಿ 2025ರಿಂದ 2037ರವರೆಗೆ ಏಳು ಆ್ಯನಿಮೇಷನ್ ಚಿತ್ರಗಳ 'ಮಹಾವತಾರ್' ಸರಣಿ ಘೋಷಿಸಿದೆ. ಮೊದಲನೆಯ 'ಮಹಾವತಾರ್ ನರಸಿಂಹ' ಗೆದ್ದಿದೆ. ಆ್ಯನಿಮೇಷನ್‌ನಲ್ಲಿ ನಟನ ವಯಸ್ಸು, ಡೇಟ್ಸ್, ಸಂಭಾವನೆಯ ಚಿಂತೆ ಇಲ್ಲ. ಆದರೆ ಹನ್ನೆರಡು ವರ್ಷ ಪ್ರೇಕ್ಷಕನ ಆಸಕ್ತಿ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ.

ಬರೆಯುವ ಯುವಕ-ಯುವತಿಯರಿಗೆ

ಇಷ್ಟು ಕೋಟಿಗಳ ನಡುವೆ, ಪಾತ್ರವನ್ನು ಮೊದಲು ಕಲ್ಪಿಸಿದವರಿಗೆ ಏನು ಸಿಗುತ್ತದೆ? ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ಯುವಕರು 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು ಮಾರಿದ್ದು ಬರೀ 130 ಡಾಲರ್‌ಗೆ. ವರ್ಷಕ್ಕೆ 20 ಸಾವಿರ ಡಾಲರ್ ಪಿಂಚಣಿ ಸಿಗಲು 1975ರವರೆಗೆ ಕಾಯಬೇಕಾಯಿತು.

ಇದು ದೂರದ ಮಾತಲ್ಲ. ಬ್ಯಾರಿ ಭಾಷೆಯ ಮೊದಲ ಚಿತ್ರ 'ಬ್ಯಾರಿ' 2011ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜತೆ ಹಂಚಿಕೊಂಡಿತು. ಆದರೆ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಅನುಮತಿ ಇಲ್ಲದೆ ಬಳಸಲಾಗಿದೆ ಎಂದು ಲೇಖಕಿ ಸಾರಾ ಅಬೂಬಕ್ಕರ್ ಕೋರ್ಟಿಗೆ ಹೋದರು. ವರ್ಷಗಳ ನಂತರ ತೀರ್ಪು ಅವರ ಪರವಾಗಿ ಬಂತು.

ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು, ಸಹಿಯೂ ಇರಬೇಕು. ಅವಧಿ ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಅಜ್ಜಿ ಹೇಳಿದ ಜನಪದ ಕಥೆ ಯಾರೊಬ್ಬರ ಸೊತ್ತೂ ಅಲ್ಲ. ಅದಕ್ಕೆ ನೀವು ಕೊಟ್ಟ ಹೊಸ ಬರಹದ ರೂಪ ನಿಮ್ಮದು. ಕಥೆ ಹಿಡಿದುಕೊಂಡು ನಿರ್ಮಾಪಕರ ಬಾಗಿಲು ತಟ್ಟುವ ಮೊದಲು ಅದನ್ನು ಬರೆದಿಡಿ, ದಿನಾಂಕ ಹಾಕಿ. ಕರಾರು ಪತ್ರದಲ್ಲಿ ಸೀಕ್ವೆಲ್, ಸರಣಿ, ಡಬ್ಬಿಂಗ್ ಹಕ್ಕು ಯಾರಿಗೆ ಅಂತ ಓದಿ ನೋಡಿ. ಅರ್ಥವಾಗದಿದ್ದರೆ ಸಹಿಗೆ ಮೊದಲು ವಕೀಲರನ್ನು ಕೇಳಿ.