ಆಪರೇಟಿಂಗ್ ಸಿಸ್ಟಂ ಆವೃತ್ತಿ ಪರಿಶೀಲನೆ

ಕಂಪ್ಯೂಟರಿನಲ್ಲಿರುವ ಆಪರೇಟಿಂಗ್ ಸಿಸ್ಟಂ ಯಾವುದು, ಅದರ ಎಷ್ಟನೆಯ ಆವೃತ್ತಿ ಎಂದು ಕಂಡುಕೊಳ್ಳುವ ಕ್ರಮ. ಹೊಸ ತಂತ್ರಾಂಶ ಹೊಂದುತ್ತದೆಯೇ, ಭದ್ರತಾ ಪರಿಷ್ಕರಣೆಗಳು ಇನ್ನೂ ಬರುತ್ತವೆಯೇ ಎಂಬುದು ಇದರಿಂದ ತಿಳಿಯುತ್ತದೆ. ಕರ್ನಾಟಕದಲ್ಲಿ ಬಹುಕಾಲ ಇನ್ನೊಂದು ಪ್ರಶ್ನೆಯೂ ಇದಕ್ಕೆ ಸೇರಿತ್ತು: ಪರದೆಯ ಮೇಲೆ ಕನ್ನಡ ಸರಿಯಾಗಿ ಮೂಡುತ್ತದೆಯೇ?

ಹೆಸರು ಮತ್ತು ಸಂಖ್ಯೆ

ಎಂಎಸ್-ಡಾಸ್‌ನಲ್ಲಿ ‘ವರ್’ ಆದೇಶ ಆವೃತ್ತಿಯ ಸಂಖ್ಯೆಯನ್ನು ತೋರಿಸುತ್ತಿತ್ತು. ವಿಂಡೋಸ್‌ನಲ್ಲಿ ಆ ಕೆಲಸಕ್ಕೆ ‘ವಿನ್‌ವರ್’ ಇದೆ. ಲಿನಕ್ಸ್‌ನಲ್ಲಿ ‘ಯುನೇಮ್’ ಕರ್ನಲ್‌ನ ಆವೃತ್ತಿಯನ್ನು ತಿಳಿಸುತ್ತದೆ. ಮಾರಾಟದ ಹೆಸರೂ ಒಳಗಿನ ಸಂಖ್ಯೆಯೂ ಬೇರೆಯಾಗಿರುವುದುಂಟು: ವಿಂಡೋಸ್ 95ರ ಸಂಖ್ಯೆ 4.0, ವಿಂಡೋಸ್ 7ರದು 6.1. ವಿಂಡೋಸ್ 11 ಸಹ ಒಳಗೆ 10.0 ಆಗಿಯೇ ಉಳಿದಿದೆ. 22000 ಅಥವಾ ಅದಕ್ಕೂ ಮೇಲಿನ ಬಿಲ್ಡ್ ಸಂಖ್ಯೆಯೇ ಅದರ ಗುರುತು.

ಕನ್ನಡಕ್ಕೆ ಸಂಬಂಧ

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಆದರೆ ಗುಣಿತ, ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಕೆಲಸ ಆಪರೇಟಿಂಗ್ ಸಿಸ್ಟಂನದು. ಅದು ಇಲ್ಲದಿದ್ದಾಗ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ತಮ್ಮದೇ ಫಾಂಟ್ ಸಂಕೇತಗಳಿಂದ ಕನ್ನಡ ಬರೆಸಿದವು. ಆ ಫಾಂಟ್ ಇಲ್ಲದ ಕಡೆ ಅದೇ ಕಡತ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗ’ ಫಾಂಟಿನೊಡನೆ ಕನ್ನಡ ಯೂನಿಕೋಡನ್ನು ತಂದಿತಾದರೂ ಭಾರತೀಯ ಲಿಪಿಗಳ ಸೌಲಭ್ಯವನ್ನು ಬಳಕೆದಾರರೇ ಸೇರಿಸಿಕೊಳ್ಳಬೇಕಿತ್ತು. ವಿಸ್ಟಾದಿಂದ ಈಚೆಗೆ ಆ ತೊಡಕು ಉಳಿಯಲಿಲ್ಲ.

ತಾಲ್ಲೂಕು ಮಟ್ಟದಲ್ಲಿ

ಈ ಬದಲಾವಣೆಯ ಹೊತ್ತಿಗೇ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. 2002ರ ವೇಳೆಗೆ ಅದು ರಾಜ್ಯದ 177 ತಾಲ್ಲೂಕುಗಳನ್ನೂ ಮುಟ್ಟಿತ್ತು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಅವುಗಳಲ್ಲಿ ಸೇರಿದ್ದವು. ಹೀಗೆ ರೈತನ ಹೆಸರು, ಸರ್ವೆ ನಂಬರು, ಹಿಡುವಳಿಯ ವಿಸ್ತೀರ್ಣ ಎಲ್ಲವೂ ಕಂಪ್ಯೂಟರಿನ ಕನ್ನಡವನ್ನು ನೆಚ್ಚುವಂತಾಯಿತು.

ಈಗಿನ ಬಳಕೆ

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ನಿಂತಿತು. ಈಗ ಆವೃತ್ತಿಯನ್ನು ನೋಡುವುದು ಹೆಚ್ಚಾಗಿ ಭದ್ರತೆಗಾಗಿ. ಹಳೆಯ ಫಾಂಟ್ ಸಂಕೇತದ ಕಡತಗಳಿಗೆ ಮಾತ್ರ ಆವೃತ್ತಿ ಬದಲಿಸಿದರೆ ಸಾಲದು. ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕಾಗುತ್ತದೆ.