ಹಿಮದ ದಾರಿಯಲ್ಲಿ ಸೈಕಲ್

ಸೈಕಲ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬಿಸಿಲು ಮತ್ತು ಧೂಳು. ಹಾಲಿನ ಕ್ಯಾನು ನೇತುಹಾಕಿಕೊಂಡವರು, ಬೆಳಗಿನ ಪೇಪರ್ ಹಾಕುವ ಹುಡುಗರು, ಜುಮ್ಮಾ ದಿನ ಮಸೀದಿಯ ಕಾಂಪೌಂಡಿಗೆ ಸಾಲಾಗಿ ಒರಗಿಸಿಟ್ಟ ಹಳೆಯ ಬಂಡಿಗಳು. ಮಳೆ ಜೋರಾದರೆ ನಾವು ಸೈಕಲ್ಲನ್ನು ಒಳಗೆ ಎಳೆದುಕೊಳ್ಳುತ್ತೇವೆ. ಹಾಗಿರುವಾಗ ನೆಲವೇ ಮಂಜುಗಡ್ಡೆಯಾಗುವ ಊರಿನಲ್ಲಿ, ಸೂರ್ಯ ಹುಟ್ಟುವುದಕ್ಕೆ ಗಂಟೆಗಟ್ಟಲೆ ಮುಂಚೆ, ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಸೈಕಲ್ ತುಳಿದುಕೊಂಡು ಹೋಗುತ್ತಾರೆ ಎಂದರೆ ನಮಗೆ ನಂಬುವುದು ಕಷ್ಟ. ಅವರಿಗೆ ಅದು ಸಾಹಸವಲ್ಲ, ದಿನಚರಿ.

ಈ ದಿನಚರಿ ಹೇಗೆ ಹುಟ್ಟಿತು? 'ಅವರಿಗೆ ಚಳಿ ಅಭ್ಯಾಸವಾಗಿದೆ ಬಿಡಿ' ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅಷ್ಟೇ ಚಳಿಯಿರುವ ಎಷ್ಟೋ ಊರುಗಳಲ್ಲಿ ಚಳಿಗಾಲದಲ್ಲಿ ಒಂದು ಸೈಕಲ್ಲೂ ಕಾಣುವುದಿಲ್ಲ. ವ್ಯತ್ಯಾಸವಿರುವುದು ಹವಾಮಾನದಲ್ಲಲ್ಲ, ಬೆಳಗಾಗುವ ಮೊದಲು ಯಾರ ದಾರಿಯ ಹಿಮವನ್ನು ಮೊದಲು ತೆಗೆಯಬೇಕು ಎಂಬ ತೀರ್ಮಾನದಲ್ಲಿ. ಹಿಮದ ಮೇಲಿನ ಸೈಕಲ್ಲಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ತೀರ್ಮಾನದ ಚರಿತ್ರೆ.

ಮೊದಲು ಹಿಮದ ಸ್ವಭಾವವನ್ನೇ ನೋಡೋಣ. ಉರ್ದುವಿನಲ್ಲಿ ಆಕಾಶದಿಂದ ಉದುರುವುದೂ ಬರ್ಫ್, ಶರಬತ್ತಿಗೆ ಹಾಕುವ ಗಡ್ಡೆಯೂ ಬರ್ಫ್. ಕನ್ನಡದ ಮಂಜು ಎಂಬ ಮಾತಿನಲ್ಲಿ ಬೆಳಗಿನ ಇಬ್ಬನಿಯ ಮುಸುಕೂ ಸೇರಿಕೊಳ್ಳುತ್ತದೆ. ಹಿಮ ಬೀಳದ ನಾಡಿನವರಾದ ನಮಗೆ ಇಷ್ಟು ಮಾತು ಸಾಕು. ಸೈಕಲ್ ತುಳಿಯುವವನಿಗೆ ಸಾಲದು. ಕಡು ಚಳಿಯಲ್ಲಿ ಒತ್ತಿ ಗಟ್ಟಿಯಾದ ಹಿಮ ಒರಟಾಗಿರುತ್ತದೆ, ಚಕ್ರಕ್ಕೆ ಹಿಡಿತ ಕೊಡುತ್ತದೆ. ನಿಜವಾದ ಅಪಾಯ ಇರುವುದು ಸೊನ್ನೆಯ ಆಸುಪಾಸಿನಲ್ಲಿ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ನೀರು ಡಾಂಬರಿನ ಮೇಲೆ ಗಾಜಿನಂತೆ ಕೂರುತ್ತದೆ. ಅದು ಕಣ್ಣಿಗೆ ಬೀಳುವುದೂ ಇಲ್ಲ. ಹೆಚ್ಚು ಚಳಿಯ ದಿನಕ್ಕಿಂತ ಕಡಿಮೆ ಚಳಿಯ ದಿನವೇ ಸೈಕಲ್ಲಿಗೆ ಹೆಚ್ಚು ಕೇಡು. ಮೈಗೂ ಅಷ್ಟೇ. ಪೆಡಲ್ ತುಳಿದಂತೆ ದೇಹ ತಾನೇ ಕಾವೇರುತ್ತದೆ; ಕೈಬೆರಳು, ಕಿವಿ, ಮೂಗನ್ನು ಮುಚ್ಚಿಕೊಂಡರೆ ಸಾಕು. ತೀರ ದಪ್ಪ ಬಟ್ಟೆ ತೊಟ್ಟರೆ ಬೆವರು ಬಂದು, ನಿಂತೊಡನೆ ಅದೇ ಬೆವರು ತಣ್ಣಗಾಗಿ ಕಾಡುತ್ತದೆ.

ಸೈಕಲ್ಲು ಹಿಮಕ್ಕೆ ಇಳಿದದ್ದು ಇತ್ತೀಚೆಗೇನೂ ಅಲ್ಲ. 1890ರ ದಶಕದ ಕೊನೆಯಲ್ಲಿ ಕೆನಡಾದ ಯೂಕಾನ್ ಪ್ರದೇಶದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿ ಜನ ಅತ್ತ ನುಗ್ಗಿದರು. ಮುಂದೆ ಅಲಾಸ್ಕಾದ ನೋಮ್ ಕಡಲತೀರದಲ್ಲಿ ಚಿನ್ನವಿದೆಯೆಂದಾಗ ಅಲ್ಲಿಂದ ಮತ್ತೆ ಹೊರಟರು. 1900ರ ಚಳಿಗಾಲದಲ್ಲಿ ಎಡ್ ಜೆಸ್ಸನ್ ಎಂಬಾತ ಡಾಸನ್ ಪಟ್ಟಣದಿಂದ ನೋಮ್‌ವರೆಗೆ ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಸೈಕಲ್ ತುಳಿದ. ಸಾವಿರದ ಆರುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೇರಿಂಗಿನೊಳಗಿನ ಎಣ್ಣೆ ಗಟ್ಟಿಯಾಗಿ ಚಕ್ರ ತಿರುಗದಂತಾಗುತ್ತಿತ್ತು, ಟೈರಿನ ರಬ್ಬರು ಕಲ್ಲಿನಂತಾಗುತ್ತಿತ್ತು. ಅದೇ ವರ್ಷ ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬ ತರುಣನೂ ಅದೇ ದಾರಿ ಹಿಡಿದ. ಚೈನು ತುಂಡಾದಾಗ ಕೋಟನ್ನೇ ಹಾಯಿಯಂತೆ ಕಟ್ಟಿ ಗಾಳಿಯ ಬಲದಿಂದ ಸಾಗಿದ. ಇವು ಸಾಹಸದ ಕಥೆಗಳು. ಆದರೆ ಒಂದನ್ನು ಗಮನಿಸಬೇಕು. ಅವರು ಹೋದದ್ದು ನಾಯಿ ಎಳೆಯುವ ಜಾರುಬಂಡಿಗಳು ಓಡಾಡಿ ಹಿಮವನ್ನು ಗಟ್ಟಿಮಾಡಿದ್ದ ಜಾಡಿನ ಮೇಲೆ. ಆ ಸಾಹಸಿಗಳಿಗೂ ಇನ್ನೊಬ್ಬರು ಮಾಡಿಕೊಟ್ಟ ದಾರಿ ಬೇಕಾಗಿತ್ತು.

ಸಾಹಸದಿಂದ ದಿನಚರಿಗೆ ಬಂದ ಕಥೆಗೆ ಡೆನ್ಮಾರ್ಕನ್ನು ನೋಡಬೇಕು. ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಕೋಪನ್‌ಹೇಗನ್ನಿನ ಕಾರ್ಮಿಕರು, ಗುಮಾಸ್ತರು, ಅಂಗಡಿಯ ಹೆಣ್ಣುಮಕ್ಕಳು ಎಲ್ಲರೂ ಸೈಕಲ್ಲಿನಲ್ಲೇ ಓಡಾಡುತ್ತಿದ್ದರು. 1950 ಮತ್ತು 60ರ ದಶಕಗಳಲ್ಲಿ ಕೈಯಲ್ಲಿ ಹಣ ಬಂತು, ಮನೆಮನೆಗೆ ಕಾರು ಬಂತು, ಸೈಕಲ್ಲು ಮೂಲೆ ಸೇರತೊಡಗಿತು. ಆಗ 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆಯಿತು. ಅರಬ್ ದೇಶಗಳು ತೈಲವನ್ನು ಬಿಗಿಹಿಡಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಹೊರಗಿನ ತೈಲವನ್ನೇ ನಂಬಿದ್ದ ಡೆನ್ಮಾರ್ಕ್ ಸರ್ಕಾರ ಆ ನವೆಂಬರಿನಿಂದ ಭಾನುವಾರ ಕಾರು ಓಡಿಸುವುದನ್ನು ನಿಷೇಧಿಸಿತು. ಕಾರಿಲ್ಲದ ಆ ಭಾನುವಾರಗಳು ಬಂದದ್ದು ಬೇಸಗೆಯಲ್ಲಲ್ಲ, ನಟ್ಟ ಚಳಿಗಾಲದಲ್ಲಿ. ಬರಿದಾದ ಹೆದ್ದಾರಿಯ ಮೇಲೆ ಜನ ಕೋಟು ಟೋಪಿ ಹಾಕಿಕೊಂಡು ಸೈಕಲ್ ಹೊರತೆಗೆದರು.

ಸಂಕಟ ಮುಗಿದ ಮೇಲೂ ಜನ ಸುಮ್ಮನೆ ಮನೆಗೆ ಮರಳಲಿಲ್ಲ ಎಂಬುದು ಮುಖ್ಯ. 70ರ ದಶಕದ ಕೊನೆಯಲ್ಲಿ ಸಾವಿರಾರು ಮಂದಿ ಸೈಕಲ್ಲಿಗೆ ಬೇರೆ ದಾರಿ ಬೇಕೆಂದು ಕೋಪನ್‌ಹೇಗನ್ನಿನ ಬೀದಿಗಿಳಿದರು. ದಾರಿ ಬಂತು. ದಾರಿ ಬಂದ ಮೇಲೆ ಅದರ ಹಿಮ ತೆಗೆಯುವ ಪ್ರಶ್ನೆ ಬಂತು. ಇವತ್ತು ಆ ನಗರದಲ್ಲಿ ಮುಖ್ಯ ಸೈಕಲ್ ದಾರಿಗಳ ಹಿಮವನ್ನು ಬೆಳಗಿನ ಓಡಾಟ ಶುರುವಾಗುವ ಮೊದಲೇ ತೆಗೆದು ಉಪ್ಪು ಹಾಕುತ್ತಾರೆ; ಎಷ್ಟೋ ಕಡೆ ಕಾರಿನ ರಸ್ತೆಗಿಂತ ಮುಂಚೆ. ಬೇಸಗೆಯಲ್ಲಿ ಸೈಕಲ್ ತುಳಿಯುವ ನಾಲ್ವರಲ್ಲಿ ಸುಮಾರು ಮೂವರು ಚಳಿಗಾಲದಲ್ಲೂ ತುಳಿಯುತ್ತಾರೆ ಎಂಬುದು ನಗರಾಡಳಿತ ಹೇಳುತ್ತ ಬಂದಿರುವ ಲೆಕ್ಕ.

ಕೋಪನ್‌ಹೇಗನ್ನಿನ ಚಳಿಯಾದರೂ ಸೌಮ್ಯ. ಫಿನ್ಲೆಂಡಿನ ಔಲು ನಗರ ಇನ್ನೂ ಉತ್ತರಕ್ಕೆ, 65ನೇ ಅಕ್ಷಾಂಶದಲ್ಲಿದೆ. ಜನಸಂಖ್ಯೆ ಎರಡು ಲಕ್ಷದಷ್ಟು. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗೆ. ಡಿಸೆಂಬರಿನ ಕೊನೆಯಲ್ಲಿ ಹಗಲು ನಾಲ್ಕು ಗಂಟೆಯೂ ಇರುವುದಿಲ್ಲ. 1960ರ ದಶಕದ ಕೊನೆಯಿಂದಲೇ ಅಲ್ಲಿನ ಯೋಜಕರು ಹೊಸ ಬಡಾವಣೆಗಳನ್ನು ಕಟ್ಟುವಾಗ ಕಾರಿನ ರಸ್ತೆಯಿಂದ ದೂರವಾಗಿ ನಡೆಯುವವರಿಗೂ ಸೈಕಲ್ಲಿಗೂ ಪ್ರತ್ಯೇಕ ದಾರಿ ಹಾಕುತ್ತ ಬಂದರು. ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಅದರ ಕೆಳಗೆ ಸುರಂಗ ತೋಡಿದರು. ಇವತ್ತು ಅಂಥ ದಾರಿಗಳ ಜಾಲ ನೂರಾರು ಕಿಲೋಮೀಟರ್ ಹಬ್ಬಿದೆ.

ಅಲ್ಲಿ ಹಿಮವನ್ನು ಪೂರ್ತಿ ತೆಗೆಯುವುದಿಲ್ಲ. ಆ ಚಳಿಯಲ್ಲಿ ಉಪ್ಪಿನಿಂದ ಹೆಚ್ಚು ಉಪಯೋಗವೂ ಇಲ್ಲ. ಹಲ್ಲಿರುವ ಅಲಗಿನ ಯಂತ್ರದಿಂದ ಹಿಮವನ್ನು ಹೆರೆದು, ತೆಳುವಾದ ಗಟ್ಟಿ ಪದರವನ್ನು ಒರಟಾಗಿ ಉಳಿಸಿ, ಮೇಲೆ ಜಲ್ಲಿಪುಡಿ ಎರಚುತ್ತಾರೆ. ಹಲವರು ಲೋಹದ ಸಣ್ಣ ಮೊಳೆಗಳಿರುವ ಟೈರು ಹಾಕಿಸಿಕೊಳ್ಳುತ್ತಾರೆ, ಎಷ್ಟೋ ಮಂದಿ ಅದೂ ಇಲ್ಲದೆ ಮಾಮೂಲಿ ಸೈಕಲ್ಲಿನಲ್ಲೇ ಹೋಗುತ್ತಾರೆ. ಊರಿನ ಮೆಟ್ಸೊಕಾಂಗಾಸ್ ಶಾಲೆಗೆ ಚಳಿಗಾಲದಲ್ಲೂ ಹೆಚ್ಚಿನ ಮಕ್ಕಳು ಬರುವುದು ಸೈಕಲ್ಲಿನಲ್ಲಿ. ಶಾಲೆಯ ಅಂಗಳದಲ್ಲಿ ಹಿಮ ಹೊದ್ದು ನಿಂತ ನೂರಾರು ಸೈಕಲ್ಲುಗಳ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂದಿದೆ. 2013ರಲ್ಲಿ ಚಳಿಗಾಲದ ಸೈಕಲ್ ಸಂಚಾರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಇದೇ ಊರಿನಲ್ಲಿ. ಮುಂದಿನ ವರ್ಷ ಅದು ಕೆನಡಾದ ವಿನಿಪೆಗ್ ನಗರಕ್ಕೆ ಹೋಯಿತು.

ಯಾರ ದಾರಿ ಮೊದಲು ಎಂಬ ಪ್ರಶ್ನೆಯನ್ನು ಇನ್ನಷ್ಟು ನೇರವಾಗಿ ಕೇಳಿದ್ದು ಸ್ವೀಡನ್ನಿನ ಕಾರ್ಲ್‌ಸ್ಕೂಗ ಎಂಬ ಸಣ್ಣ ಪಟ್ಟಣ. ಈ ಹೆಸರು ನಮಗೆ ಹೊಸದು, ಆದರೆ ಆ ಊರಿನ ಕಾರ್ಖಾನೆಯ ಹೆಸರು ಹೊಸದಲ್ಲ. ಅದು ಬೋಫೋರ್ಸ್ ಫಿರಂಗಿಯ ಊರು. 2011ರಲ್ಲಿ ಅಲ್ಲಿನ ಪುರಸಭೆ ತನ್ನ ಎಲ್ಲ ಕೆಲಸಗಳನ್ನೂ ಹೆಣ್ಣು-ಗಂಡಿನ ಸಮಾನತೆಯ ಕಣ್ಣಿನಿಂದ ಪರೀಕ್ಷಿಸಲು ಹೊರಟಿತು. ಹಿಮ ತೆಗೆಯುವ ಕೆಲಸದಲ್ಲಾದರೂ ಈ ಗೊಡವೆ ಇಲ್ಲವಲ್ಲ ಎಂದು ಅಧಿಕಾರಿಯೊಬ್ಬರು ತಮಾಷೆ ಮಾಡಿದರಂತೆ. ತಮಾಷೆಯೇ ಪ್ರಶ್ನೆಯಾಯಿತು. ಅಲ್ಲಿಯವರೆಗೆ ಮೊದಲು ದೊಡ್ಡ ರಸ್ತೆ, ಕೊನೆಗೆ ಕಾಲುದಾರಿ ಮತ್ತು ಸೈಕಲ್ ದಾರಿ ಎಂಬುದು ರೂಢಿ. ಕಾರಿನಲ್ಲಿ ಹೋಗುವವರಲ್ಲಿ ಗಂಡಸರು ಹೆಚ್ಚು. ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗುವವರಲ್ಲಿ, ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕೆಲಸಕ್ಕೆ ಓಡುವವರಲ್ಲಿ ಹೆಂಗಸರು ಹೆಚ್ಚು. ಕೆಲವು ಅಂಗುಲ ಹಿಮದ ಮೇಲೆ ಕಾರು ಹೇಗೋ ಹೋಗುತ್ತದೆ, ಸೈಕಲ್ಲೋ ಮಗುವಿನ ತಳ್ಳುಗಾಡಿಯೋ ಹೋಗುವುದಿಲ್ಲ. ಜಾರಿಬಿದ್ದು ಆಸ್ಪತ್ರೆ ಸೇರುವವರಲ್ಲೂ ನಡೆಯುವವರೇ, ಅವರಲ್ಲೂ ಹೆಂಗಸರೇ ಹೆಚ್ಚು. ಪುರಸಭೆ ಕ್ರಮವನ್ನು ತಿರುಗಿಸಿತು. ಶಿಶುವಿಹಾರದ ದಾರಿ, ಕಾಲುದಾರಿ, ಸೈಕಲ್ ದಾರಿ ಮೊದಲು. ದೊಡ್ಡ ರಸ್ತೆ ಆಮೇಲೆ. ಇದಕ್ಕೆ ಹೆಚ್ಚಿನ ಖರ್ಚೂ ಬೀಳಲಿಲ್ಲ.

ಇದೇ ಪದ್ಧತಿಯನ್ನು ರಾಜಧಾನಿ ಸ್ಟಾಕ್‌ಹೋಮ್ ಕೂಡ ಅನುಸರಿಸಿತು. 2016ರ ನವೆಂಬರಿನಲ್ಲಿ ಅಲ್ಲಿ ನೂರು ವರ್ಷಗಳಲ್ಲೇ ಕಾಣದಂಥ ನವೆಂಬರ್ ಹಿಮ ಸುರಿದು ಊರು ನಿಂತುಹೋಯಿತು. 'ಸಮಾನತೆಯ ಹಿಮ ತೆಗೆತ' ಎಂದು ಗೇಲಿ ಮಾಡಿದವರು ಹಲವರು. ನಿಜವಾಗಿ ಅಂದು ಹಿಮ ತೆಗೆಯುವ ಯಂತ್ರಗಳೇ ಸಾಲದಾಗಿದ್ದವು. ಹಳೆಯ ಕ್ರಮದಲ್ಲಿ ಊರು ನಿಂತಾಗಲೆಲ್ಲ ದೋಷ ಹಿಮದ್ದಾಗಿತ್ತು, ಹೊಸ ಕ್ರಮದಲ್ಲಿ ನಿಂತಾಗ ದೋಷ ಹೆಂಗಸರದ್ದಾಯಿತು. ಇಂಥ ನ್ಯಾಯ ನಮಗೂ ಅಪರಿಚಿತವಲ್ಲ.

ಆದರೆ ಈ ಉತ್ತರದ ಹಿಮದ ಮೇಲೆ ಸೈಕಲ್ ತುಳಿದವರೆಲ್ಲ ನಾಗರಿಕರಲ್ಲ. ನಾರ್ವೆ ಮತ್ತು ರಷ್ಯದ ಗಡಿಯಲ್ಲಿ, ಸುಮಾರು 70ನೇ ಅಕ್ಷಾಂಶದಲ್ಲಿ, ಸ್ಟೋರ್ಸ್ಕೂಗ್ ಎಂಬ ಠಾಣೆಯಿದೆ. 2015ರಲ್ಲಿ ಸುಮಾರು 5,500 ಜನ ಆಶ್ರಯ ಕೇಳಿಕೊಂಡು ಆ ಗಡಿ ದಾಟಿದರು. ಸಿರಿಯಾದವರು, ಅಫ್ಘಾನಿಸ್ತಾನದವರು, ಬಹುಪಾಲು ಮುಸಲ್ಮಾನರು. ಕಾಲ್ನಡಿಗೆಯಲ್ಲಿ ಗಡಿ ದಾಟಲು ರಷ್ಯದ ಕಾನೂನು ಬಿಡುತ್ತಿರಲಿಲ್ಲ. ಕಾಗದಪತ್ರ ಇಲ್ಲದವರನ್ನು ಕಾರಿನಲ್ಲಿ ತಂದರೆ ನಾರ್ವೆ ಚಾಲಕನನ್ನು ಶಿಕ್ಷಿಸುತ್ತಿತ್ತು. ಈ ಎರಡು ಕಾನೂನುಗಳ ನಡುವೆ ಉಳಿದ ಸಂದು ಎಂದರೆ ಸೈಕಲ್. ದಮಾಸ್ಕಸ್, ಹಲಬ್ ಕಡೆಯಿಂದ ಮಾಸ್ಕೋ, ಮುರ್ಮಾನ್ಸ್ಕ್‌ವರೆಗೆ ಬಂದವರು ಗಡಿಯ ಹತ್ತಿರ ಅಗ್ಗದ ಸೈಕಲ್ ಕೊಂಡು ಕೊನೆಯ ಸ್ವಲ್ಪ ದೂರವನ್ನು ತುಳಿದರು. ಸಿಕ್ಕಿದ್ದು ಮಕ್ಕಳ ಸೈಕಲ್ಲಾದರೆ ಮೊಣಕಾಲು ಮಡಚಿ ಅದನ್ನೇ ತುಳಿದರು. ದಾಟಿದ ಮೇಲೆ ಬಿಟ್ಟುಹೋದ ಸೈಕಲ್ಲುಗಳು ಠಾಣೆಯ ಬಳಿ ಗುಡ್ಡೆಯಾದವು. ನಾರ್ವೆಯ ಸುರಕ್ಷತಾ ನಿಯಮಕ್ಕೆ ಒಗ್ಗುವುದಿಲ್ಲವೆಂದು ಅವು ಗುಜರಿಗೆ ಹೋದವು.

ನವೆಂಬರ್ ಕೊನೆಯ ಹೊತ್ತಿಗೆ ನಾರ್ವೆ ನಿಯಮ ಬಿಗಿಮಾಡಿತು, ಆ ದಾರಿ ಮುಚ್ಚಿತು. 2016ರ ಜನವರಿಯಲ್ಲಿ, ಹೆಪ್ಪುಗಟ್ಟಿಸುವ ಚಳಿಯಲ್ಲಿ, ಬಂದವರಲ್ಲಿ ಕೆಲವರನ್ನು ಸೈಕಲ್ ಕೊಟ್ಟೇ ಹಿಂದಕ್ಕೆ ಅಟ್ಟುವ ಮಾತೂ ನಡೆಯಿತು. ಟೀಕೆ ಬಂದ ಮೇಲೆ ಬಸ್ಸಿನಲ್ಲಿ ಕಳಿಸಿದರು. ಕೆಲವೇ ದಿನಗಳಲ್ಲಿ ರಷ್ಯವೇ ಬೇಡವೆಂದಾಗ ಅದೂ ನಿಂತಿತು. ಫಿನ್ಲೆಂಡ್ 2015ರ ಡಿಸೆಂಬರಿನಲ್ಲಿ ತನ್ನ ಉತ್ತರದ ಗಡಿಠಾಣೆಗಳಲ್ಲಿ ಸೈಕಲ್ಲಿನಲ್ಲಿ ಬರುವುದನ್ನು ನಿಷೇಧಿಸಿತು. 2023ರ ನವೆಂಬರಿನಲ್ಲಿ ಅದೇ ದೃಶ್ಯ ಮರಳಿತು. ಸೊಮಾಲಿಯಾ, ಯೆಮನ್, ಇರಾಕ್, ಸಿರಿಯಾಗಳಿಂದ ಬಂದವರು ಸೈಕಲ್ ಏರಿ ಹಿಮದ ನಡುವೆ ಗಡಿಗೆ ಬಂದರು. ರಷ್ಯ ಇವರನ್ನು ಬೇಕೆಂದೇ ತಳ್ಳುತ್ತಿದೆ ಎಂದು ಫಿನ್ಲೆಂಡ್ ದೂರಿತು. ಮೊದಲು ಸೈಕಲ್ಲನ್ನು, ಆಮೇಲೆ ಗಡಿಯನ್ನೇ ಮುಚ್ಚಿತು. ಎರಡು ಸರ್ಕಾರಗಳ ಜಗಳದಲ್ಲಿ ಸತ್ಯ ಏನೇ ಇರಲಿ, ಸೈಕಲ್ಲಿನ ಮೇಲಿದ್ದವರು ಮನುಷ್ಯರು. ಮಕ್ಕಳು ನಿರ್ಭಯವಾಗಿ ಶಾಲೆಗೆ ಹೋಗಲೆಂದು ಸೂರ್ಯೋದಯಕ್ಕೆ ಮುಂಚೆ ಹಿಮ ಹೆರೆಯುವ ದೇಶವೂ ಇದೇ ಎಂಬುದನ್ನು ನೆನೆದಾಗ ಮನಸ್ಸು ಮುದುಡುತ್ತದೆ.

ಹಾಗೆಂದು ಕಥೆ ಗಡಿಯಲ್ಲೇ ನಿಂತಿಲ್ಲ. ಡೆನ್ಮಾರ್ಕ್‌ನಲ್ಲಿ ವಲಸೆ ಬಂದ ಮಹಿಳೆಯರಿಗೆ ಸೈಕಲ್ ಕಲಿಸುವ ತರಗತಿಗಳನ್ನು ರೆಡ್ ಕ್ರಾಸ್ ಸ್ವಯಂಸೇವಕರು ನಡೆಸಿದ್ದಾರೆ. ತಮ್ಮ ಊರಿನಲ್ಲಿ ಎಂದೂ ಸೈಕಲ್ ಮುಟ್ಟದಿದ್ದ, ತಲೆವಸ್ತ್ರ ತೊಟ್ಟ ತಾಯಂದಿರು ನಡುವಯಸ್ಸಿನಲ್ಲಿ ಸಮತೋಲ ಕಲಿತಿದ್ದಾರೆ. ಅವರಿಗದು ಕೆಲಸಕ್ಕೆ, ಆಸ್ಪತ್ರೆಗೆ, ಮಗುವಿನ ಶಾಲೆಗೆ ಯಾರನ್ನೂ ಕಾಯದೆ ಹೋಗುವ ದಾರಿ.

ದಾರಿಯಲ್ಲಿ ಬಿದ್ದ ತೊಡಕನ್ನು ಬದಿಗೆ ಸರಿಸುವುದೂ ಒಂದು ದಾನವೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ನಾವು ಇದನ್ನು ಒಂದು ಕಲ್ಲು, ಒಂದು ಮುಳ್ಳು ಎಂದಷ್ಟೇ ಅರ್ಥಮಾಡಿಕೊಂಡು ಬಂದಿದ್ದೇವೆ. ಹಿಮ ತೆಗೆಯುವ ಪುರಸಭೆಗಳ ಚರಿತ್ರೆ ಓದಿದಾಗ ಆ ಮಾತು ವಿಶಾಲವಾಗುತ್ತದೆ. ತೊಡಕನ್ನು ಸರಿಸಬೇಕು, ಸರಿ. ಆದರೆ ಯಾರ ದಾರಿಯದನ್ನು ಮೊದಲು?

ನಮ್ಮಲ್ಲಿ ಹಿಮವಿಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹೈಸ್ಕೂಲಿಗೆ ಹೊರಟದ್ದನ್ನು ನಾವೆಲ್ಲ ಕಂಡಿದ್ದೇವೆ. ಸೈಕಲ್ ಕೊಟ್ಟೆವು, ಅದು ಓಡುವ ದಾರಿಯನ್ನು ಕೊಟ್ಟೆವೇ? ಮಳೆಗಾಲದಲ್ಲಿ ಕೆಸರಾಗುವ ಊರದಾರಿ, ಲಾರಿಗಳು ಅಂಚಿಗೆ ತಳ್ಳುವ ಹೆದ್ದಾರಿ, ದೀಪವಿಲ್ಲದ ಸಂಜೆ ನಮ್ಮ ಹಿಮ. ಕರಗಲೆಂದು ಕಾಯುತ್ತ ಕೂತರೆ ಇದು ಕರಗುವುದಿಲ್ಲ. ಬೆಳಗಿನ ಏಳು ಗಂಟೆಗೆ ಶಾಲೆಗೆ ಹೊರಡುವ ಹುಡುಗಿಯ ದಾರಿಯನ್ನು ಮೊದಲು ಸರಿಮಾಡುವ ಪಂಚಾಯಿತಿ ನಮಗೆ ಬೇಕಾಗಿದೆ.